ಗೊತ್ತಿದ್ದ ಉತ್ತರ ಹೇಳದ ಅಕ್ಕ

ಬೆಳಿಗ್ಗೆ ಎದ್ದು ಹಾಲು ಕಾಯಿಸಿದೆ. ಬಾಲ್ಕನಿಯಲ್ಲಿ ಒಣಹಾಕಿದ್ದ ಬಟ್ಟೆಗೆ ಇರಚಲು ಹೊಡೆದು ಒಂದು ಅಂಚು ನೆಂದಿತ್ತು, ಅದನ್ನು ತಂದು ಫ್ಯಾನಿನ ಕೆಳಗೆ ಹರಡಿದೆ. ಇಡ್ಲಿಗೆ ನೆನೆಹಾಕಿದೆ. ನಮ್ಮ ಯಜಮಾನರ ಅಂಗಿ ಇಸ್ತ್ರಿ ಮಾಡಿದೆ. ನೀರಿನ ಫಿಲ್ಟರ್ ಬದಲಿಸುವವನು ಬಂದ, ಅವನ ಬೂಟಿನ ಗುರುತು ಒರೆಸಿದೆ. ಮೇಲಿನ ಮನೆಯಿಂದ ಇಳಿದು ಬಂದಿದ್ದ ಕರಿಬೇವಿನ ಕುಂಡ, ದೊಡ್ಡಪತ್ರೆಯ ಕುಂಡ, ಒಂದು ಅಗಲವಾದ ಕಬ್ಬಿಣದ ಹಂಚು, ಇವಕ್ಕೆಲ್ಲ ಜಾಗ ಮಾಡಿದೆ. ಆಮೇಲೆ ಆ ಮನೆಯ ಅಕ್ಕನನ್ನೂ ಭಾವನನ್ನೂ ಕಾರಿನಲ್ಲಿ ಕೂರಿಸಿಕೊಂಡು ಹೋಗಿ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬಂದೆ. ಕ್ಲಾಂಗ್ ಬಂದರಿನ ಕಚೇರಿಯಿಂದ ಹೋದ ತಿಂಗಳು ನಿವೃತ್ತರಾದ ಅಕ್ಕ ಊರಿಗೆ ಹೊರಟಿದ್ದರು. ಬಂದವಳು ಚಹಾ ಮಾಡಿಕೊಂಡು ಕುಡಿದು, ಲೋಟ ತೊಳೆದಿಟ್ಟು, ಇದನ್ನು ಬರೆಯಲು ಕೂತಿದ್ದೇನೆ.

ಬರೆಯುತ್ತೇನೆ ಅಂತ ಕಾರಿನಲ್ಲೇ ಹೇಳಿದ್ದೆ. ಅವರು ಕಿಟಕಿಯ ಆಚೆಗೆ ನೋಡುತ್ತಲೇ, "ಬರೀತಿ ಅಂದ್ರ ಬರಿ. ಹೆಸರ ಹಾಕಬ್ಯಾಡ. ಹುಬ್ಬಳ್ಳ್ಯಾಗ ನಮ್ಮ ನೆಗೆಣ್ಣಿ ಓದತಾಳ" ಎಂದರು. ಹಾಗಾಗಿ ಹೆಸರಿಲ್ಲ. ನಾನು ಮೈಸೂರಿನವಳು, ಅವರನ್ನು ಅಕ್ಕ ಎಂದೇ ಕರೆದು ಅಭ್ಯಾಸ. ಈ ಮಲಯ್ ನಾಡಿನ ರಾಜಧಾನಿಯಲ್ಲಿ, ಮಾಂಟ್ ಕಿಯಾರಾದ ನಮ್ಮ ಕಾಂಡೋದಲ್ಲಿ, ಅಂದರೆ ಬಹುಮಹಡಿ ವಸತಿಯಲ್ಲಿ, ನಮ್ಮ ತಲೆಯ ಮೇಲಿನ ಮನೆಯೇ ಅವರದು. ಅವರ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಕೇಳಿದರೆ ನಮ್ಮ ಮನೆಯಲ್ಲಿ ಹಸಿವಾಗುತ್ತಿತ್ತು.

ಅಕ್ಕ ಕುಳ್ಳಗೆ, ಗಟ್ಟಿಮುಟ್ಟಾಗಿ ಇದ್ದರು. ಕನ್ನಡಕವನ್ನು ಓದುವಾಗ ಹಾಕಿಕೊಳ್ಳುತ್ತಿದ್ದರು, ಯೋಚಿಸುವಾಗ ತಲೆಯ ಮೇಲಕ್ಕೆ ಏರಿಸುತ್ತಿದ್ದರು. ಕನ್ನಡಕ ತಲೆಗೇರಿದ ಮೇಲೆ ಅವರನ್ನು ಮಾತಾಡಿಸಿ ಪ್ರಯೋಜನವಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಯಾರಾದರೂ ನಡುವೆ ಬಾಯಿ ಹಾಕಿದರೆ ಪೊಲೀಸಿನವರು ವಾಹನ ತಡೆಯುವ ಹಾಗೆ ಅಂಗೈ ಎತ್ತಿ "ತಡೀರಿ, ಮೊದಲ ಪೂರಾ ಕೇಳೋಣು" ಎನ್ನುತ್ತಿದ್ದರು. ಅವರ ಕೆಲಸ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಬೇರೆಯವರು ಬರೆದ ಪ್ರೋಗ್ರಾಮನ್ನು ಬಗೆಬಗೆಯಾಗಿ ಓಡಿಸಿ, ಎಲ್ಲಿ ಮುಗ್ಗರಿಸುತ್ತದೆ ಎಂದು ಹೇಳುವ ಟೆಸ್ಟರ್. ಕೆಲಸ ಮುಗಿಸಿ ಮನೆಗೆ ಬಂದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ.

ಲಿಫ್ಟಿನಲ್ಲಿ ಅಂಟಿಸಿದ ನೋಟಿಸುಗಳನ್ನು ನಾವು ಯಾರೂ ಪೂರ್ತಿ ಓದುವವರಲ್ಲ. ಅಕ್ಕ ಓದುತ್ತಿದ್ದರು. ಒಮ್ಮೆ 'ನಾಳೆ ನೀರು ಬರುವುದಿಲ್ಲ, ದಯವಿಟ್ಟು ಸಹಕರಿಸಿ' ಎಂದು ಹಾಕಿದ್ದರು. ಅಕ್ಕ ನೆಲಮಹಡಿಗೆ ಇಳಿದು ಕಾವಲಿನವನ ಮುಂದೆ ನಿಂತರು. ಅವನು ಇಲ್ಲಿನ ಈಪೋ ಊರಿನ ಕಡೆಯ ತಮಿಳು ಹುಡುಗ.

"ಈ ನೋಟಿಸು ಎಂದು ಹಚ್ಚೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಗೊತ್ತಿಲ್ಲ ಆಂಟಿ. ನಾನು ಡ್ಯೂಟಿಗೆ ಬರುವಾಗಲೇ ಇತ್ತು."

"ಹಂಗಾದ್ರ ಇದರೊಳಗಿನ 'ನಾಳೆ' ಯಾವುದು? ನಾಳೆಯೋ, ಇವತ್ತೋ?"

ಅವನು ತಲೆ ಕೆರೆದುಕೊಂಡು, "ಆಂಟಿ, ಯು ಅಗೇನ್ ಲಾ" ಎಂದು ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ ರಾಗ ಎಳೆದ. ಆದರೆ ಮಾರನೆಯ ದಿನದಿಂದ ನಮ್ಮ ಕಾಂಡೋದ ನೋಟಿಸುಗಳಲ್ಲಿ ದಿನ, ವಾರ, ಗಂಟೆ ಎಲ್ಲ ಬರತೊಡಗಿದವು. ಆ ಹುಡುಗ ನೋಟಿಸು ಅಂಟಿಸುವ ಮುಂಚೆ ಅಕ್ಕನಿಗೆ ಒಮ್ಮೆ ತೋರಿಸಿ ಹೋಗುವುದನ್ನು ನಾನೇ ಕಂಡಿದ್ದೇನೆ.

ಇದರಿಂದ ಕೆಲವರಿಗೆ ಕಿರಿಕಿರಿಯೂ ಆಗುತ್ತಿತ್ತು. ಈಜುಕೊಳದ ಪಕ್ಕದ ಕಲ್ಲುಬೆಂಚಿನಲ್ಲಿ ನಾವು ಹೆಂಗಸರು ಸಂಜೆ ಕೂರುತ್ತಿದ್ದೆವು. ಯಾರೋ ಒಬ್ಬರು, ಇಂಥವರ ಮನೆಯಲ್ಲಿ ಜಗಳವಂತೆ ಎಂದು ಶುರುಮಾಡಿದರೆ ಅಕ್ಕ, "ಕಂಡವರು ಯಾರು? ನೀವ ಕಂಡೀರೋ, ಕೇಳಿದ್ದೋ?" ಎನ್ನುತ್ತಿದ್ದರು. ಅಲ್ಲಿಗೆ ಆ ಮಾತು ಸತ್ತಂತೆಯೇ. ಅವರು ಬರುವುದು ದೂರದಿಂದ ಕಂಡರೆ ಕೆಲವರು ವಿಷಯ ಬದಲಿಸಿ ಕೊತ್ತಂಬರಿ ಸೊಪ್ಪಿನ ಬೆಲೆ ಮಾತಾಡುತ್ತಿದ್ದರು.

ಭಾವನ ವಿಷಯ ಹೇಳದಿದ್ದರೆ ಅಕ್ಕನ ಚಿತ್ರ ಅರ್ಧವೇ. ಹುಬ್ಬಳ್ಳಿಯಲ್ಲಿ ಬ್ಯಾಂಕಿನ ಕೆಲಸ ಬಿಟ್ಟು ಹೆಂಡತಿಯ ಜೊತೆ ಬಂದವರು ಅವರು. ಮನೆಯ ಅಡುಗೆ, ಮಗಳ ಶಾಲೆ, ಬ್ರಿಕ್‌ಫೀಲ್ಡ್ಸಿನ ತಮಿಳು ಅಂಗಡಿಯಲ್ಲಿ 'ಚೋಳಂ ಮಾವು' ಎಂದು ಕೇಳಿ ಜೋಳದ ಹಿಟ್ಟು ತರುವುದು, ಎಲ್ಲ ಅವರದೇ. ಹೊಸಬರು ಯಾರಾದರೂ "ಸಾರ್, ನೀವು ಯಾವ ಕಂಪನಿ?" ಎಂದರೆ, "ಪಾಸಿನ ಪ್ರಕಾರ ನಾ ಇವರ ಡಿಪೆಂಡೆಂಟ್‌ರೀ. ಪಾಸ್ ಇಲ್ಲದಿದ್ರೂ ಅಷ್ಟ" ಎಂದು ನಗುತ್ತಿದ್ದರು.

ಆ ನಗು ಒಂದು ವರ್ಷ ತೆಳ್ಳಗಾಯಿತು. ಅಕ್ಕ ಕೆಲಸ ಮಾಡುತ್ತಿದ್ದ ಕಂಪನಿ ಟೆಸ್ಟಿಂಗ್ ವಿಭಾಗವನ್ನೇ ಬೇರೆ ದೇಶಕ್ಕೆ ಸಾಗಿಸಿತು. ಇಲ್ಲಿ ಹೊರಗಿನಿಂದ ಬಂದವರಿಗೆ ಕೆಲಸ ಹೋದರೆ ಈ ದೇಶದಲ್ಲಿ ಇರುವ ಪರವಾನಗಿ, ಪಾಸು ಅನ್ನುತ್ತಾರಲ್ಲ, ಅದೂ ಹೋಗುತ್ತದೆ. ಗಂಡನ ಪಾಸು, ಮಗಳ ಪಾಸು ಎರಡೂ ಅಕ್ಕನ ಪಾಸಿಗೆ ಅಂಟಿಕೊಂಡಿದ್ದವು. ಹೊಸ ಕಂಪನಿಯೊಂದು ಅವಧಿ ಮುಗಿಯುವುದರೊಳಗೆ ಅಕ್ಕನನ್ನು ತೆಗೆದುಕೊಳ್ಳಬೇಕು, ಇಲ್ಲವಾದರೆ ಮೂವರೂ ಗಂಟುಮೂಟೆ ಕಟ್ಟಬೇಕು. ಮಗಳು ಆಗ ಶಾಲೆಯ ಕೊನೆಯ ವರ್ಷ. ಇನ್ನೇನು ಪರೀಕ್ಷೆ ಎನ್ನುವಾಗ ನಡುವೆ ಎಬ್ಬಿಸಿಕೊಂಡು ಹೋದರೆ ಊರಿನ ಯಾವ ಶಾಲೆಯೂ ಅವಳನ್ನು ಅದೇ ತರಗತಿಗೆ ಸೇರಿಸಿಕೊಳ್ಳುವುದಿಲ್ಲ, ಪಾಠವೇ ಬೇರೆ. ಅಕ್ಕನಿಗೆ ಐವತ್ತು ದಾಟಿತ್ತು. ಕೆಲಸ ಕೊಡುವವರಾಗಿ ಎದುರಿಗೆ ಮಗಳಿಗಿಂತ ತುಸುವೇ ದೊಡ್ಡವರು ಕೂತಿರುತ್ತಿದ್ದರು.

ಅವರು ಕೇಳುವುದೋ, ಒಗಟು. ಇಂಟರ್‌ವ್ಯೂ ಅಂದರೆ ಕೆಲಸದ ವಿಷಯ ಕೇಳುತ್ತಾರೆ ಎಂದುಕೊಂಡಿದ್ದ ನನಗೆ ಅದು ಆಶ್ಚರ್ಯ. ನಾನು ಮೈಸೂರಿನಲ್ಲಿ ಒಂದಷ್ಟು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿದವಳು, ಇಲ್ಲಿ ಮನೆ ನೋಡಿಕೊಂಡಿರುವವಳು. ನಮ್ಮ ಯಜಮಾನರೇ ವಿವರಿಸಿದರು. "ಬುದ್ಧಿ ಹೇಗೆ ಓಡುತ್ತೆ ಅಂತ ನೋಡೋಕೆ ಕೇಳ್ತಾರೆ ಕಣೆ. ಉತ್ತರ ಎಲ್ಲರಿಗೂ ಗೊತ್ತಿರುತ್ತೆ." ಎಲ್ಲರಿಗೂ ಗೊತ್ತಿರುವುದಕ್ಕೆ ಕಾರಣ ನಮ್ಮ ಕಾಂಡೋದ ಕನ್ನಡದವರ ಮೊಬೈಲ್ ಗ್ರೂಪು. ಯಾರೇ ಇಂಟರ್‌ವ್ಯೂಗೆ ಹೋಗಿ ಬಂದರೂ ಅಂದು ಸಂಜೆ, ಕೇಳಿದ ಒಗಟನ್ನೂ ಉತ್ತರವನ್ನೂ ಗ್ರೂಪಿಗೆ ಹಾಕಬೇಕು. ಹಬ್ಬಕ್ಕೆ ಪಾತ್ರೆ ಎರವಲು ಕೊಟ್ಟ ಹಾಗೆ ಅದೊಂದು ಪದ್ಧತಿ. ನಮ್ಮವರು ಅದನ್ನೆಲ್ಲ ಒಟ್ಟು ಮಾಡಿ ಅಕ್ಕನಿಗೆ ಕಳಿಸಿದರು. "ಇಷ್ಟು ಬಾಯಿಪಾಠ ಮಾಡ್ಕೊಂಡ್ಬಿಡಿ ಮೇಡಂ, ಸಾಕು."

ಅಕ್ಕ ಪಾಪ, ಬಾಯಿಪಾಠ ಮಾಡಿಕೊಂಡರು. ಮೊದಲ ಇಂಟರ್‌ವ್ಯೂನಲ್ಲಿ ಬಂದದ್ದು ಗ್ರೂಪಿನಲ್ಲಿ ಎಲ್ಲಕ್ಕಿಂತ ಹಳೆಯದು. ಹೊರಗೆ ಮೂರು ಸ್ವಿಚ್ಚು, ಕೋಣೆಯ ಒಳಗೆ ಮೂರು ಬಲ್ಬು. ಒಳಗೆ ಒಂದೇ ಸಲ ಹೋಗಬಹುದು. ಯಾವ ಸ್ವಿಚ್ಚು ಯಾವ ಬಲ್ಬಿನದು ಎಂದು ಹೇಳಬೇಕು. ಉತ್ತರ ನನಗೂ ಬರುತ್ತಿತ್ತು, ಅಷ್ಟು ಸಲ ಕೇಳಿದ್ದೆ: ಒಂದು ಸ್ವಿಚ್ಚನ್ನು ಸ್ವಲ್ಪ ಹೊತ್ತು ಹಾಕಿಟ್ಟು ಆರಿಸಿ, ಇನ್ನೊಂದನ್ನು ಹಾಕಿ, ಒಳಗೆ ಹೋಗಿ ಆರಿದ ಬಲ್ಬುಗಳನ್ನು ಮುಟ್ಟಿ ನೋಡುವುದು. ಬಿಸಿ ಇರುವುದು ಮೊದಲನೆಯದು. ಅಕ್ಕ ಪಟಪಟ ಹೇಳಿದರಂತೆ. ಕೇಳಿದವನು ಮೆಲ್ಲಗೆ, "ಮೇಡಂ, ಕೋಣೆಗೆ ಗಾಜಿನ ಬಾಗಿಲು ಅಂತ ಹೇಳಿದ್ದೆ. ಸ್ವಿಚ್ಚು ಒಂದೊಂದೇ ಹಾಕಿದರೆ ಹೊರಗಿನಿಂದಲೇ ಕಾಣುತ್ತದೆ" ಎಂದನಂತೆ.

ಗ್ರೂಪಿನ ಇನ್ನಿಬ್ಬರು ಗಂಡಸರೂ ಅದೇ ವಾರ ಅದೇ ಗಾಜಿಗೆ ಹಣೆ ಹೊಡೆದುಕೊಂಡು ಬಂದಿದ್ದರು ಎಂದು ಆಮೇಲೆ ತಿಳಿಯಿತು. ಅವರು ಕಂಪನಿಯವರನ್ನು ಬೈದರು. ಅಕ್ಕ ಬೈಯಲಿಲ್ಲ. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತರು.

"ಗಾಜಿನ ಬಾಗಲಾ ಅಂದದ್ದು ನನ್ನ ಕಿವಿಗೆ ಬಿದ್ದೈತಿ ತಂಗಿ. ಬಿದ್ರೂ ಒಳಗ ಇಳೀಲಿಲ್ಲ. ಮೂರು ಸ್ವಿಚ್ ಅನ್ನೂದರೊಳಗ ಉತ್ತರ ಬಂದು ನಾಲಿಗಿ ಮ್ಯಾಲ ಕುಂತಿತ್ತು. ಇಪ್ಪತ್ತು ವರ್ಷ ಮಂದಿ ತಪ್ಪು ಹುಡುಕಿ ಪಗಾರ ತಗೊಂಡಾಕಿ ನಾ."

"ಆಯ್ತು ಬಿಡಿ ಅಕ್ಕ, ಇನ್ನೊಂದು ಕಡೆ ಇದೆಯಲ್ಲ" ಎಂದೆ.

"ಇನ್ನೊಂದು ಕಡೆ ಐತಿ. ಆದ್ರ ಈ ಉತ್ತರಗೋಳು ತಲ್ಯಾಗ ಇರೂತನಕ ಅಲ್ಲೂ ಹಿಂಗ ಆಗತೈತಿ." ನಮ್ಮವರು ಕಳಿಸಿದ್ದನ್ನೆಲ್ಲ ನನ್ನ ಎದುರೇ ಮೊಬೈಲಿನಿಂದ ಅಳಿಸಿದರು. ಆಮೇಲೆ ಕನ್ನಡಕ ತಲೆಗೇರಿಸಿ ನನ್ನನ್ನು ನೋಡಿದರು. "ನಿನಗ ಇವೆಲ್ಲ ಗೊತ್ತಿಲ್ಲ ಅಲ್ಲಾ?"

"ಆ ಬಲ್ಬಿನದು ಬಿಟ್ಟರೆ ಒಂದೂ ಗೊತ್ತಿಲ್ಲ."

"ಭಾಳ ಚಲೋ ಆತು. ನಾಳಿಂದ ನನಗ ನೀನ ಬೇಕು."

ಹೀಗೆ ನನಗೆ ಕೆಲಸ ಸಿಕ್ಕಿತು. ಕ್ರಮ ಏನೆಂದರೆ, ಅಕ್ಕ ಹೊಸದೊಂದು ಒಗಟು ಹುಡುಕಿ ತಂದು ಕನ್ನಡದಲ್ಲಿ ಕಥೆಯ ಹಾಗೆ ನನಗೆ ಹೇಳಬೇಕು. ನಾನು ಅದನ್ನು ನನ್ನ ಮಾತಿನಲ್ಲಿ ತಿರುಗಿಸಿ ಅವರಿಗೆ ಹೇಳಬೇಕು. ನಾನು ಏನಾದರೂ ಬಿಟ್ಟರೆ, ಇಲ್ಲದ್ದನ್ನು ಸೇರಿಸಿದರೆ ಅವರು ಹಿಡಿಯಬೇಕು. ಆಮೇಲೆ ಪಾತ್ರ ಅದಲುಬದಲು. ಉತ್ತರದ ಮಾತೇ ಎತ್ತುವ ಹಾಗಿಲ್ಲ. ಇಬ್ಬರಿಗೂ ಕಥೆ ಪೂರ್ತಿ ಒಂದೇ ಆಗಿದೆ ಎನ್ನುವವರೆಗೆ, ನಾನು ಬೀನ್ಸ್ ಹೆಚ್ಚುತ್ತಾ, ಅವರು ನಾರು ತೆಗೆಯುತ್ತಾ, ಹೇಳಿದ್ದನ್ನೇ ಹೇಳುತ್ತಿದ್ದೆವು. ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಕಥೆ ಹೇಳಿಸುತ್ತಿದ್ದುದು ಇಲ್ಲಿ ಕೆಲಸಕ್ಕೆ ಬಂತು.

ತೋಳ, ಮೇಕೆ, ಸೊಪ್ಪಿನ ಕಟ್ಟು ಮೂರನ್ನೂ ಒಬ್ಬ ಮನುಷ್ಯ ದೋಣಿಯಲ್ಲಿ ಹೊಳೆ ದಾಟಿಸುವ ಒಗಟು ಬಂದಾಗ ನಾನು, "ಆ ಮನುಷ್ಯ ತೋಳವನ್ನು ಯಾಕೆ ಜೊತೆಗೆ ಕರೆದುಕೊಂಡು ಹೋಗ್ತಿದ್ದಾನೆ ಅಕ್ಕ? ಈ ದಡದಲ್ಲೇ ಬಿಟ್ಟು ಹೋಗಬಾರದಾ?" ಎಂದೆ. ಅಕ್ಕ ಬೀನ್ಸ್ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿದ ಮೇಲೆ, "ಬಿಡಬಾರದು ಅಂತ ಹೇಳ್ಯಾರೋ ಇಲ್ಲೋ, ಮೊದಲ ಅದನ್ನ ನೋಡೋಣು. ಹೇಳಿಲ್ಲ ಅಂದ್ರ ನಿನ್ನ ಪ್ರಶ್ನಿ ಖರೇವ ಐತಿ" ಎಂದು ಮತ್ತೆ ಮೊದಲಿನಿಂದ ಓದಿದರು.

ಇನ್ನೊಂದು ದಿನ ಅವರ ಮನೆಯಲ್ಲಿ ಸೇರಿದ್ದೆವು. ಭಾವ ರೊಟ್ಟಿ ಮಾಡುತ್ತಿದ್ದರು. ಅಂದಿನ ಒಗಟು: ಕಾವಲಿಯ ಮೇಲೆ ಒಮ್ಮೆಗೆ ಎರಡು ಬ್ರೆಡ್ ಹಿಡಿಯುತ್ತದೆ, ಒಂದು ಮಗ್ಗುಲು ಬೇಯಲು ಒಂದು ನಿಮಿಷ, ಮೂರು ಬ್ರೆಡ್ಡಿನ ಎರಡೂ ಮಗ್ಗುಲು ಬೇಗನೆ ಬೇಯಿಸುವುದು ಹೇಗೆ? ಅಕ್ಕ ಬ್ರೆಡ್ಡಿನ ಬದಲು ದೋಸೆ ಎಂದುಬಿಟ್ಟರು. ಒಂದನ್ನು ಅರ್ಧ ಬೇಯಿಸಿ ತೆಗೆದಿಟ್ಟು, ಆಮೇಲೆ ತಿರುಗಿಸಿ ಹಾಕಬಹುದು ಎಂಬಲ್ಲಿಗೆ ಮಾತು ಬಂತು. ಒಲೆಯ ಕಡೆಯಿಂದ ಭಾವ ತಿರುಗಿದರು.

"ಅರ್ಧ ಬೆಂದ ದೋಸಿ ತೆಗದ ಇಡತೀ? ತೆಗದು ತೋರಸು ನೋಡೋಣ. ಅದು ದೋಸಿ ಅಲ್ಲ, ಮುದ್ದಿ ಆಗತೈತಿ."

"ನೀವ ಸುಮ್ಮ ಕುಂಡ್ರಿ, ಇದು ಲೆಕ್ಕ" ಎಂದರು ಅಕ್ಕ.

"ಲೆಕ್ಕ ಮಾಡಾಕಿ ನೀನು, ಸುಡಾಂವ ನಾನು. ರೊಟ್ಟಿ ಅಂತ ಕೇಳು, ಎರಡನೇ ಮಗ್ಗಲಾ ನಾ ಉರಿ ಮ್ಯಾಲ ಹಿಡೀತೇನಿ. ಹಂಚು ಖಾಲಿ ಆತಿಲ್ಲೋ? ನಿನ್ನ ಪ್ರಶ್ನಿನ ಉಳಿಯಂಗಿಲ್ಲ."

ಅಕ್ಕ ಕನ್ನಡಕ ಮೇಲೇರಿಸಿದರು. ಭಾವ ನನಗೆ ಕಣ್ಣು ಮಿಟುಕಿಸಿ ರೊಟ್ಟಿ ತಟ್ಟತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಅಕ್ಕ, "ನೋಡವಾ, ಬ್ರೆಡ್ ಅಂದದ್ದನ್ನ ದೋಸಿ ಅಂತ ಬದಲ ಮಾಡಿದಾಕಿ ನಾನ. ಒಂದು ಶಬ್ದ ಬದಲಾದ್ರ ಲೆಕ್ಕಾನ ಬದಲಾತು" ಎಂದರು. ಸೋತ ದನಿಯಲ್ಲ, ಏನೋ ಸಿಕ್ಕವರ ದನಿ. ಅಂದಿನಿಂದ ಒಗಟಿನ ಒಂದೊಂದು ಶಬ್ದವನ್ನೂ ಅಕ್ಕಿ ಆರಿಸುವ ಹಾಗೆ ಆರಿಸುತ್ತಿದ್ದರು.

ಮಗಳಿಗೆ ಮಾತ್ರ ಇದೆಲ್ಲ ಬೇಸರ. ಇಲ್ಲೇ ಬೆಳೆದ ಹುಡುಗಿ, ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಇಂಗ್ಲಿಷಿನಲ್ಲೇ. "ಅಮ್ಮಾ, ಆನ್ಸರ್ಸ್ ಎಲ್ಲಾ ಆನ್‌ಲೈನ್ ಇದೆ ಲಾ. ಜಸ್ಟ್ ಲರ್ನ್ ದೆಮ್. ಐ ಡೋಂಟ್ ವಾಂಟ್ ಟು ಗೋ" ಎಂದು ಒಂದು ಸಂಜೆ ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು. ಅಕ್ಕ ಬಾಗಿಲಿನ ಕಡೆ ನೋಡಿದರು. ನಾವು ಆ ದಿನ ಒಗಟು ಮುಂದುವರಿಸಲಿಲ್ಲ.

ಅವಧಿ ಮುಗಿಯುವ ಹೊತ್ತು ಹತ್ತಿರ ಬಂದಾಗ ಕ್ಲಾಂಗ್ ಬಂದರಿನಿಂದ ಕರೆ ಬಂತು. ಹಡಗಿನಲ್ಲಿ ಬರುವ ಕಂಟೇನರುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುವ ಕಂಪನಿ. ಇದು ತಪ್ಪಿದರೆ ಇನ್ನೊಂದಕ್ಕೆ ಸಮಯವಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಭಾವ ಆಗಲೇ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು ಮಂಚದ ಕೆಳಗೆ ಸೇರಿಸಿದ್ದರು. ಇಂಟರ್‌ವ್ಯೂ ದಿನವೇ ಮಗಳ ಶಾಲೆಯಲ್ಲಿ ಪೋಷಕರ ಸಭೆ, ಭಾವ ಅಲ್ಲಿಗೆ ಹೋದರು. ಅಕ್ಕನನ್ನು ನಾನು ಕಾರಿನಲ್ಲಿ ಕರೆದುಕೊಂಡು ಹೋದೆ.

ಅಕ್ಕ ಮೇಲೆ ಹೋದರು. ನಾನು ಕೆಳಗೆ ರಸ್ತೆಯ ಪಕ್ಕದ ಮಾಮಾಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾ ತಿಂಡಿಯ ಹೋಟೆಲಿನಲ್ಲಿ, ಕೂತೆ. ಲಾರಿಗಳು ಒಂದರ ಹಿಂದೊಂದು ಕಂಟೇನರು ಹೊತ್ತು ಹೋಗುತ್ತಿದ್ದವು, ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿತ್ತು. ಅಂಗಡಿಯ ತಮಿಳು ಮುದುಕಪ್ಪ ಚಹಾವನ್ನು ಎತ್ತರದಿಂದ ಎಳೆದು ಹೊಯ್ಯುತ್ತಾ, "ಯಾರಿಗೆ ಕಾಯ್ತಿದ್ದೀ ಅಮ್ಮ?" ಎಂದು ತಮಿಳಿನಲ್ಲಿ ಕೇಳಿದ. ಅಕ್ಕನಿಗೆ, ಕೆಲಸದ ಇಂಟರ್‌ವ್ಯೂ ಎಂದೆ ನನ್ನ ಹರಕು ತಮಿಳಿನಲ್ಲಿ. "ಮೇಲಿನವರು ಒಳ್ಳೆಯವರು. ಮಧ್ಯಾಹ್ನ ಇಲ್ಲೇ ಊಟ" ಎಂದ, ಅದೇ ದೊಡ್ಡ ಶಿಫಾರಸು ಎಂಬಂತೆ. ನಾನು ಪರೋಟದಂಥ ರೋಟಿ ಚನಾಯ್ ತರಿಸಿಕೊಂಡೆ. ತಿನ್ನಲಾಗಲಿಲ್ಲ.

ಅಕ್ಕ ಇಳಿದು ಬಂದರು. ಎದುರಿನ ಕುರ್ಚಿ ಎಳೆದು ಕೂತು, ನನ್ನ ತಟ್ಟೆಯನ್ನು ತಮ್ಮ ಕಡೆ ಸರಿಸಿಕೊಂಡು ತಿನ್ನತೊಡಗಿದರು. ಪೂರ್ತಿ ತಿಂದರು. ಕೈ ಒರೆಸಿಕೊಂಡು, "ಉತ್ತರ ಗೊತ್ತಿತ್ತು ತಂಗಿ. ಹೇಳಲಿಲ್ಲ" ಎಂದರು.

ನಾನು ದುಡ್ಡು ಮೇಜಿನ ಮೇಲಿಟ್ಟು ಎದ್ದೆ. ಕಾರಿನಲ್ಲಿ ಕೂತ ಮೇಲೆ ವಿಷಯ ಬಿಚ್ಚಿದರು. ಎದುರಿಗೆ ಇಬ್ಬರು. ಒಬ್ಬ ಚೀನೀ ಮೂಲದ ಯುವಕ, ಪಕ್ಕದಲ್ಲಿ ಮ್ಯಾನೇಜರ್, ತಲೆವಸ್ತ್ರ ಕಟ್ಟಿದ ಮಲಯ್ ಹೆಂಗಸು, ಹೆಚ್ಚು ಮಾತಿಲ್ಲ. ಕೆಲಸದ ಪ್ರಶ್ನೆಗಳೆಲ್ಲ ಚೆನ್ನಾಗಿ ಆದವಂತೆ. ಕೊನೆಗೆ ಆ ಯುವಕ ಒಂದು ಹಾಳೆ ತೆಗೆದು ಓದಿದ. ಮೂರು ಕಂಟೇನರು. ಒಂದರಲ್ಲಿ ಅಕ್ಕಿಯ ಚೀಲಗಳು, ಒಂದರಲ್ಲಿ ಸಕ್ಕರೆಯವು, ಒಂದರಲ್ಲಿ ಎರಡೂ ಬೆರೆತಿವೆ. ಹೊರಗೆ ಅಕ್ಕಿ, ಸಕ್ಕರೆ, ಮಿಶ್ರ ಎಂದು ಒಂದೊಂದು ಬೋರ್ಡು. ಬೋರ್ಡುಗಳಲ್ಲಿ ಕನಿಷ್ಠ ಒಂದು ತಪ್ಪಾಗಿದೆ. ಯಾವುದಾದರೂ ಒಂದೇ ಕಂಟೇನರಿನಿಂದ ಒಂದೇ ಚೀಲ ತೆಗೆದು, ಮೂರರಲ್ಲೂ ಏನಿದೆ ಎಂದು ಹೇಳಬೇಕು.

"ಇದು ಹಳೇ ಒಗಟ. ಗ್ರೂಪಿನ್ಯಾಗ ಇತ್ತು. 'ಮಿಶ್ರ ಅಂತ ಬರದದ್ದರಿಂದ ತೆಗೀರಿ' ಅನ್ನೂದ ಉತ್ತರ. ಆದ್ರ ಅಲ್ಲೆ ಮೂರೂ ಬೋರ್ಡ್ ತಪ್ಪು ಅಂತ ಇರತೈತಿ. ಇಂವ ಕನಿಷ್ಠ ಒಂದು ಅಂತ ಓದಿದ. ನಾ ಕೇಳಿದೆ, ಒಂದರೆ ತಪ್ಪೋ, ಮೂರೂ ತಪ್ಪೋ ಅಂತ. ಹಾಳಿ ನೋಡಿ, ಅಟ್ ಲೀಸ್ಟ್ ಒನ್, ಅಂದ."

"ಅಷ್ಟಕ್ಕೆ ಏನು ವ್ಯತ್ಯಾಸ ಅಕ್ಕ?"

"ಮೂರೂ ತಪ್ಪಂದ್ರ, ಮಿಶ್ರ ಅಂತ ಬೋರ್ಡ್ ಇರೂದು ಮಿಶ್ರ ಅಲ್ಲ, ಖಾತ್ರಿ. ಒಂದು ಚೀಲ ತೆಗದ್ರ ಗೊತ್ತಾತು. ಕನಿಷ್ಠ ಒಂದು ಅಂದ್ರ, ಅಕ್ಕಿ ಸಕ್ಕರಿ ಬೋರ್ಡ್ ಅಷ್ಟ ಅದಲುಬದಲಾಗಿ, ಮಿಶ್ರದ್ದು ಸರಿ ಇರಬಹುದಲ್ಲ? ಅದರಾಗಿಂದ ಅಕ್ಕಿ ಚೀಲ ಬಂತು ಅನ್ನು. ಏನ ಗೊತ್ತಾತು? ಏನೂ ಇಲ್ಲ."

ಅವನಿಗೆ ಬೇಕಾದದ್ದು 'ಮಿಶ್ರ' ಎಂಬ ಒಂದೇ ಮಾತು ಎಂದು ಅಕ್ಕನಿಗೆ ಅವನ ಮುಖ ನೋಡಿಯೇ ತಿಳಿದಿತ್ತು. ಪೆನ್ನು ಹಿಡಿದು ಸರಿ ಗುರುತು ಹಾಕಲು ಕಾದಿದ್ದ. ಅಕ್ಕ, ಇದಕ್ಕೆ ಉತ್ತರವಿಲ್ಲ, ಒಂದು ಚೀಲದಲ್ಲಿ ಇದು ಆಗುವುದಿಲ್ಲ ಎಂದರು. ಅವನು ನಕ್ಕು, "ಆನ್ಸರ್ ಇದೆ ಲಾ ಮೇಡಂ, ಟ್ರೈ" ಎಂದ. ಅಕ್ಕ ಎದ್ದು ಹೋಗಿ ಗೋಡೆಯ ಬಿಳಿ ಹಲಗೆಯ ಮೇಲೆ ಮೂರು ಚೌಕ ಬರೆದು, ನನಗೆ ಹೇಳಿದಂತೆಯೇ ಹೇಳಿದರು. ಅವನು ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಉತ್ತರ ಬರೆದಿದೆ" ಎಂದ. ಅಕ್ಕ, "ಬರೆದಿರಬಹುದು. ನೀವು ಓದಿದ ಪ್ರಶ್ನೆಗೆ ಅದು ಉತ್ತರವಲ್ಲ" ಎಂದರು. ಮ್ಯಾನೇಜರ್ ಹೆಂಗಸು ಕೈ ಚಾಚಿ ಹಾಳೆ ತೆಗೆದುಕೊಂಡು ಓದಿ, ಹಲಗೆಯನ್ನು ನೋಡಿ, ಹಾಳೆಯನ್ನು ಫೈಲಿಗೆ ಸೇರಿಸಿ, ಕರೆ ಮಾಡುತ್ತೇವೆ ಎಂದಷ್ಟೇ ಹೇಳಿದರಂತೆ.

ನಾನು ತಡೆಯಲಾರದೆ ಕೇಳಿದೆ. "ಮಿಶ್ರ ಅಂತ ಒಂದು ಮಾತು ಅಂದುಬಿಟ್ಟಿದ್ದರೆ ಏನು ಗಂಟು ಹೋಗ್ತಿತ್ತು ಅಕ್ಕ? ಮಗಳ ಪರೀಕ್ಷೆ ಇದೆ."

"ಮಗಳ ಮುಖಾನ ಬಂತು ಕಣ್ಣ ಮುಂದ. ಬಾಯಿ ತನಕ ಬಂದಿತ್ತು ಮಾತು." ಅಕ್ಕ ಕಿಟಕಿಯ ಗಾಜು ಸ್ವಲ್ಪ ಇಳಿಸಿದರು. "ಆದ್ರ ಅವರು ಕೊಡೂ ಕೆಲಸ ಯಾವುದು ಹೇಳು. ಇಲ್ಲೆ ತಪ್ಪೈತಿ ಅಂತ ಹೇಳೂದ ಕೆಲಸ. ಅದನ್ನ ಬಾಗಲದಾಗ ಬಿಟ್ಟು ಒಳಗ ಹೋಗಿ ಏನ ಮಾಡ್ಲಿ?"

ಮನೆಗೆ ಬರುವವರೆಗೆ ಕಂಡಕಂಡ ಲಾರಿಗೆಲ್ಲ ಹಾರ್ನ್ ಹೊಡೆದೆ. ಸಿಟ್ಟು ಬಂದಿತ್ತು ಅಂತಲೇ ಇಟ್ಟುಕೊಳ್ಳಿ. ನಮ್ಮವರು ಕೇಳಿದವರೇ ತಲೆ ಮೇಲೆ ಕೈಹೊತ್ತರು. "ಇಂಟರ್‌ವ್ಯೂ ಮಾಡೋನಿಗೇ ತಪ್ಪು ಅಂದ್ರಾ? ಮುಗೀತು ಬಿಡು." ಭಾವ ಮಾತ್ರ ಹೆಂಡತಿ ಹೇಳಿದ್ದನ್ನೆಲ್ಲ ಕೇಳಿ, ಸಾರಿಗೆ ಒಗ್ಗರಣೆ ಹಾಕಿ, "ಹಾಂ, ಬರೋಬರಿ ಐತಿ ನೀ ಹೇಳಿದ್ದು" ಎಂದರು. ಮಂಚದ ಕೆಳಗಿನ ಪೆಟ್ಟಿಗೆಗಳನ್ನು ಹೊರಗೆಳೆದರು.

ಕೆಲವು ದಿನ ಏನೂ ಇಲ್ಲ. ಒಂದು ದಿನ ಅಕ್ಕನೂ ನಾನೂ ತರಕಾರಿ ತಂದು ಲಿಫ್ಟಿನಲ್ಲಿ ಹೋಗುತ್ತಿದ್ದಾಗ ಅವರ ಮೊಬೈಲು ರಿಂಗಾಯಿತು. ಹಲೋ ಎನ್ನುವುದರೊಳಗೆ ಕಡಿದುಹೋಯಿತು, ನಮ್ಮ ಲಿಫ್ಟಿನಲ್ಲಿ ಸಿಗ್ನಲ್ ನಿಲ್ಲುವುದಿಲ್ಲ. ಅಕ್ಕ ಕೈಗೆ ಸಿಕ್ಕ ಗುಂಡಿ ಒತ್ತಿದರು. ಬಾಗಿಲು ತೆರೆದದ್ದು ಯಾವುದೋ ಮಹಡಿಯಲ್ಲಿ, ಯಾರದೋ ಮನೆಯ ಚಪ್ಪಲಿ ಗೂಡಿನ ಎದುರು. ಅಲ್ಲೇ ನಿಂತು ತಿರುಗಿ ಕರೆ ಮಾಡಿ, ಸ್ಪೀಕರು ಹಾಕಿದರು. ನಾನು ಮೂಲಂಗಿಯ ಚೀಲ ಹಿಡಿದು ಗೋಡೆಗೆ ಒರಗಿದೆ.

ಮ್ಯಾನೇಜರ್ ಹೆಂಗಸಿನ ದನಿ. ಹಾಳೆ ಟೈಪು ಮಾಡುವಾಗಲೇ ತಪ್ಪಾಗಿತ್ತು ಎಂದರು. ಅದೇ ಹಾಳೆಯನ್ನು ಬಹಳ ಜನರಿಗೆ ಓದಿದ್ದಾರೆ, ಬಂದವರೆಲ್ಲ 'ಮಿಶ್ರ' ಎಂದು ಹೇಳಿ ಸರಿ ಗುರುತು ಪಡೆದು ಹೋದರು, ನಮಗೂ ಕಾಣಲಿಲ್ಲ. "ಬಂದರಿನಲ್ಲಿ ಬೋರ್ಡು ನಂಬಿ ಕಂಟೇನರು ಕಳಿಸಿದರೆ ಏನಾಗುತ್ತದೆ ಗೊತ್ತಲ್ಲ ಮೇಡಂ. ನೀವು ನಮಗೆ ಬೇಕು. ಪಾಸಿನ ಅರ್ಜಿ ಇವತ್ತೇ ಹಾಕುತ್ತೇವೆ."

ಅಕ್ಕ ಬಹಳ ಸಾವಧಾನವಾಗಿ ಥ್ಯಾಂಕ್ಯೂ ಹೇಳಿ ಫೋನಿಟ್ಟರು. ಆಮೇಲೆ ಆ ಅಪರಿಚಿತರ ಚಪ್ಪಲಿ ಗೂಡಿನ ಮೇಲೆ ಕೂತುಬಿಟ್ಟರು. ಒಳಗಿನಿಂದ ಒಬ್ಬ ಕೊರಿಯಾದ ಹೆಂಗಸು ಬಾಗಿಲು ತೆರೆದು, ಇಬ್ಬರು ಭಾರತದ ಹೆಂಗಸರು ಮೂಲಂಗಿ ಹಿಡಿದು ನಗುವುದನ್ನು ನೋಡಿ, ತಾನೂ ನಕ್ಕು ಬಾಗಿಲು ಹಾಕಿಕೊಂಡಳು.

ಆ ಯುವಕನೇ ಮುಂದೆ ಅಕ್ಕನ ಜೊತೆಗಾರನಾದ. ಹೊಸ ಒಗಟು ಬರೆದಾಗಲೆಲ್ಲ "ಆಂಟಿ, ಚೆಕ್ ಲಾ" ಎಂದು ಮೊದಲು ಅವರಿಗೇ ಕಳಿಸುತ್ತಿದ್ದ. ನಮ್ಮ ಗ್ರೂಪಿನವರೂ ಸಾಲಾಗಿ ಅಕ್ಕನ ಮನೆಗೆ ಬರತೊಡಗಿದರು. ಅಕ್ಕ ಯಾರಿಗೂ ಉತ್ತರ ಹೇಳಿಕೊಡಲಿಲ್ಲ. ಬಂದವರನ್ನು ಹೆಂಡತಿಯ ಎದುರೋ ಅಮ್ಮನ ಎದುರೋ ಕೂರಿಸಿ, ಒಗಟನ್ನ ಕಥಿ ಮಾಡಿ ಹೇಳ್ರಿ ಎನ್ನುತ್ತಿದ್ದರು. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಕೂತು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲಂತೆ. ಹಾಗೆ ಕಲಿತು ಕೆಲಸ ಹಿಡಿದವರು ನಮ್ಮ ಕಾಂಡೋದಲ್ಲೇ ಹಲವರು. ನಮ್ಮ ಯಜಮಾನರೂ ಅವರಲ್ಲಿ ಒಬ್ಬರು, ಇದನ್ನು ಬರೆಯಬೇಡ ಎಂದು ಅವರು ಹೇಳಿಲ್ಲ.

ಕರೆ ಬಂದ ಆ ದಿನ ಸಂಜೆ ಎರಡೂ ಮನೆಯವರು ನಮ್ಮಲ್ಲೇ ಸೇರಿದೆವು. ಭಾವ ಮೇಲಿನಿಂದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ತಂದರು. ನಾನು ಅದೇ ಮೂಲಂಗಿಯ ಹುಳಿ ಮಾಡಿ, ಅನ್ನಕ್ಕಿಟ್ಟೆ. ಮಗಳು ಟ್ಯೂಷನ್ ಮುಗಿಸಿ ಬರುವಾಗ ಎಲ್ಲರಿಗೂ ಮೀ ಗೋರೆಂಗ್, ಅಂದರೆ ಹುರಿದ ನೂಡಲ್ಸ್, ಪೊಟ್ಟಣ ಕಟ್ಟಿಸಿ ತಪಾವ್ ಮಾಡಿಸಿ ತಂದಳು. ಅಮ್ಮನ ಪಕ್ಕದಲ್ಲಿ ಒತ್ತಿ ಕೂತು, ಅಮ್ಮನ ತಟ್ಟೆಯಿಂದ ರೊಟ್ಟಿ ಮುರಿದುಕೊಂಡು, "ಸೋ, ನೆಕ್ಸ್ಟ್ ವೀಕ್ ಐ ಹ್ಯಾವ್ ಕೆಮಿಸ್ಟ್ರಿ ಟೆಸ್ಟ್" ಎಂದಳು. ಅದಕ್ಕೆ ಭಾವ ಎಷ್ಟು ಜೋರಾಗಿ ನಕ್ಕರೆಂದರೆ ಅವರಿಗೆ ನೆತ್ತಿಗೇರಿತು. ಊಟ ಮುಗಿಯಿತು, ಕೈ ತೊಳೆದು ಬಂದ ಅಕ್ಕ ಸೋಫಾದ ಮೇಲೆ ಒಂದು ಚೂರು ಕೂರುತ್ತೇನೆ ಎಂದರು. ನಾನು ಮಜ್ಜಿಗೆ ತರುವುದರೊಳಗೆ ನಿದ್ದೆ ಹೋಗಿದ್ದರು, ಕನ್ನಡಕ ತಲೆಯ ಮೇಲೇ ಇತ್ತು. ಭಾವ ಅದನ್ನು ಮೆಲ್ಲಗೆ ತೆಗೆದು ಜೇಬಿಗೆ ಹಾಕಿಕೊಂಡು, "ಇರ್ಲಿ, ಎಬ್ಬಿಸಬ್ಯಾಡ್ರಿ" ಎಂದರು. ಆ ಮಜ್ಜಿಗೆಯನ್ನು ನಾನೇ ಕುಡಿದೆ.